ಹೆಸರು ಕೇಳಿದ ಮೊಮ್ಮಗಳು, ಉತ್ತರ ಹೇಳಿದ ಹಳ್ಳ



ಈ ವಾರ ನಿಮಗೆ ಹೇಳಬೇಕಾದದ್ದು ಒಂದು ಬೆರಳುದ್ದದ ಮೀನಿನ ಕಥೆ. ಅದರ ಜೊತೆಗೆ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಮೀನಿನ ಕಥೆ ಮೊದಲು ಹೇಳುತ್ತೇನೆ. ತಪ್ಪಿನ ಕಥೆ ತಾನಾಗಿಯೇ ಹಿಂದಿನಿಂದ ಬರುತ್ತದೆ.

ಕಳೆದ ವರ್ಷ ದಸರೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಆಗ ಐದನೇ ತರಗತಿ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತೇವೆ. ಬಂದ ಮಾರನೆಯ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದೆ. ಪುಟ್ಟಿ ಒದ್ದೆ ಲಂಗದಲ್ಲಿ ಓಡಿ ಬಂದು, ಅಜ್ಜಿಯ ಉಪ್ಪಿನಕಾಯಿಯ ಗಾಜಿನ ಬಾಟಲಿಯನ್ನು ನನ್ನ ಮುಂದೆ ಇಟ್ಟಳು. ಒಳಗೆ ನೀರು. ನೀರಿನಲ್ಲಿ ಒಂದು ಪುಟ್ಟ ಮೀನು ಗಿರಗಿರ ಸುತ್ತುತ್ತಿತ್ತು.

"ಅಜ್ಜ, ಇದರ ಹೆಸರೇನು?"

"ಮೀನು ಕಣೇ."

"ಮೀನು ಅಂದ್ರೆ ಹೆಸರಾ? ಯಾರಾದ್ರೂ ನನ್ನ ಹೆಸರು ಕೇಳಿದ್ರೆ ನೀನು 'ಮನುಷ್ಯ' ಅಂತೀಯಾ?"

ಒಳಗಿನಿಂದ ಅಜ್ಜಿ ನಕ್ಕ ಸದ್ದು ಕೇಳಿಸಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ತೋಟದ ಕೆಳಗೆ ಹರಿಯುವ ಈ ಹಳ್ಳದಲ್ಲೇ ಈಜು ಕಲಿತವನು. ಅದರಲ್ಲಿ ಓಡಾಡುವ ಮೀನುಗಳಲ್ಲಿ ಒಂದಕ್ಕೂ ನನಗೆ ಹೆಸರು ಗೊತ್ತಿಲ್ಲ ಎಂಬುದು ಆ ಬೆಳಿಗ್ಗೆ ಗೊತ್ತಾಯಿತು. "ಹುಡುಕೋಣ ಇರು" ಎಂದೆ. ಮೇಷ್ಟ್ರುಗಳು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತೇ ಅದು!

ಮೊದಲು ಬಾಟಲಿಯನ್ನು ಬಿಸಿಲಿನಿಂದ ತೆಗೆದು ನೆರಳಿಗಿಟ್ಟೆವು. ಬಾಟಲಿಯ ಹಿಂದೆ ಒಂದು ಬಿಳಿ ಹಾಳೆ ನಿಲ್ಲಿಸಿದೆವು. ಹಾಗೆ ಮಾಡಿದರೆ ಮೀನಿನ ಬಣ್ಣ, ಗೆರೆ ಎಲ್ಲಾ ಚೆನ್ನಾಗಿ ಕಾಣುತ್ತವೆ. ಮೀನನ್ನು ಕೈಯಲ್ಲಿ ಹಿಡಿಯಬಾರದು. ಅದರ ಮೈಮೇಲೆ ಒಂದು ಲೋಳೆಯ ಪದರ ಇರುತ್ತದೆ. ರೋಗದಿಂದ ಕಾಪಾಡುವ ಅಂಗಿ ಅದು. ನಮ್ಮ ಒಣಗಿದ, ಬಿಸಿ ಕೈ ತಗುಲಿದರೆ ಆ ಅಂಗಿ ಹರಿದ ಹಾಗೆ. ಅದಲ್ಲದೆ ಬಾಟಲಿಯ ನೀರಿನಲ್ಲಿ ಕರಗಿರುವ ಆಮ್ಲಜನಕ ಸ್ವಲ್ಪವೇ. ಹರಿಯುವ ನೀರಿನ ಮೀನಿಗೆ ಅದು ಬೇಗ ಸಾಲದಾಗುತ್ತದೆ. "ಹತ್ತೇ ನಿಮಿಷ. ಆಮೇಲೆ ಹಳ್ಳಕ್ಕೆ" ಎಂದು ಕರಾರು ಮಾಡಿಕೊಂಡೆವು. ಪುಟ್ಟಿ ನೋಟ್‌ಬುಕ್ ತಂದಳು. ನಾನು ಕನ್ನಡಕ ತಂದೆ.

ಗುರುತು ಹಿಡಿಯುವುದೆಂದರೆ ಪತ್ತೇದಾರಿ ಕೆಲಸ. ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಬೇಕು.

ಮೊದಲನೆಯದು, ಇದು ದೊಡ್ಡ ಮೀನಿನ ಮರಿಯೋ, ಅಥವಾ ಬೆಳೆದೇ ಇಷ್ಟು ಚಿಕ್ಕದೋ? ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಹಳ್ಳದಲ್ಲಿ ಕಾಣುವ ಸಣ್ಣ ಮೀನೆಲ್ಲ ಯಾವುದೋ ದೊಡ್ಡ ಮೀನಿನ ಮರಿ ಎಂದೇ ನಾನೂ ತಿಳಿದಿದ್ದೆ. ಹಾಗಲ್ಲ. ಒಂದು ಬೆರಳು, ಒಂದೂವರೆ ಬೆರಳು ಉದ್ದಕ್ಕೇ ಬೆಳವಣಿಗೆ ಮುಗಿಸಿ, ಮೊಟ್ಟೆಯಿಟ್ಟು, ಸಂಸಾರ ನಡೆಸುವ ಮೀನುಗಳು ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಇಂಥವನ್ನು ಸಾಮಾನ್ಯವಾಗಿ ಮಿನ್ನೋ ಎನ್ನುತ್ತಾರೆ.

ಎರಡನೆಯದು, ರೆಕ್ಕೆ ಎಷ್ಟು? ಬೆನ್ನಿನ ಮೇಲೆ ಒಂದೇ ಒಂದು ಈಜುರೆಕ್ಕೆ. ಬಾಲ ಕವಲೊಡೆದಿದೆ. ಬಾಯಲ್ಲಿ ಹಲ್ಲು ಕಾಣುವುದಿಲ್ಲ. ಇವೆಲ್ಲ ಗೆಂಡೆ ಮೀನಿನ ಕುಲದ ಲಕ್ಷಣ. ರೋಹು, ಕಾಟ್ಲಾ, ಶೃಂಗೇರಿಯ ತುಂಗೆಯಲ್ಲಿ ನೀವೆಲ್ಲ ಮಂಡಕ್ಕಿ ಹಾಕಿ ನೋಡಿದ ಆ ದೊಡ್ಡ ದೊಡ್ಡ ಮಹಸೀರ್ ಮೀನುಗಳು, ಎಲ್ಲವೂ ಇದೇ ಕುಲದವು. ಈ ಕುಲದ ಮೀನುಗಳ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಿನಲ್ಲಿ! ಹೇಳಿದ ಕೂಡಲೇ ಪುಟ್ಟಿ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು.

ಮೂರನೆಯದು, ಮೈಮೇಲೆ ಏನಿದೆ? ನಾನು ಬಾಗಿ ನೋಡಿದೆ. ಪಕ್ಕೆಯಲ್ಲಿ ಕಪ್ಪಾದ ಒಂದು ಗೆರೆ ಕಂಡಂತಾಯಿತು. ಮಗ ಬಿಟ್ಟುಹೋದ ಮೀನಿನ ಪುಸ್ತಕ ಕಪಾಟಿನಲ್ಲಿತ್ತು. ತೆಗೆದು ಪುಟ ಮಗುಚಿ, "ಸಿಕ್ಕಿತು! ರಾಸ್ಬೋರಾ" ಎಂದು ಘೋಷಿಸಿದೆ. ರಾಸ್ಬೋರಾ ಎಂಬ ಮೀನಿಗೆ ಮೂತಿಯಿಂದ ಬಾಲದ ಬುಡದವರೆಗೆ ಒಂದು ಕಪ್ಪು ಗೆರೆ ಇರುತ್ತದೆ. ಗದ್ದೆಯ ಕಾಲುವೆ, ಕೆರೆ, ಹಳ್ಳ, ಎಲ್ಲ ಕಡೆ ಸಿಗುವ ಮೀನು ಅದು.

"ಒಂದು ಗೆರೆ ಅಲ್ಲ ಅಜ್ಜ. ನೀನು ಕನ್ನಡಕ ಒರೆಸ್ಕೋ" ಎಂದಳು ಪುಟ್ಟಿ.

ಒರೆಸಿಕೊಂಡು ನೋಡಿದೆ. ಹೌದು. ನೀಲಿ ಬಣ್ಣದ ಗೆರೆಗಳು ಮೂರು ನಾಲ್ಕು ಇದ್ದವು. ಅವುಗಳ ನಡುವೆ ಹಳದಿ ಗೆರೆಗಳು. ಕಿವಿರಿನ ಹಿಂದೆ, ಗೆರೆ ಶುರುವಾಗುವ ಕಡೆ ಮಾತ್ರ, ಅವು ಮುರಿದು ಚುಕ್ಕೆ ಚುಕ್ಕೆಯಾಗಿದ್ದವು. ಮೀನು ಬೆಳಕಿನ ಕಡೆ ತಿರುಗಿದಾಗಲೆಲ್ಲ ಆ ನೀಲಿ ಮಿಂಚುತ್ತಿತ್ತು. ನಾನು ನೋಡಿದ್ದು ನೆರಳಿನ ಬದಿಯಿಂದ. ಅವಳು ನೋಡಿದ್ದು ಬೆಳಕಿನ ಬದಿಯಿಂದ. ಮೀನನ್ನು ಒಂದೇ ಬದಿಯಿಂದ ನೋಡಿ ಹೆಸರು ಹೇಳಬಾರದು ಎಂಬ ಪಾಠ ನನಗಾಯಿತು.

ನಾಲ್ಕನೆಯದು, ಬಾಯಿ ಎತ್ತ ತೆರೆಯುತ್ತದೆ? ಈ ಒಂದು ಪ್ರಶ್ನೆಯಿಂದ ಮೀನಿನ ಊಟದ ಕ್ರಮವೇ ತಿಳಿಯುತ್ತದೆ. ಬಾಯಿ ಕೆಳಕ್ಕಿದ್ದರೆ ತಳದಲ್ಲಿ ಮೇಯುವ ಮೀನು. ನೇರ ಮುಂದಕ್ಕಿದ್ದರೆ ನಡುನೀರಿನದು. ನಮ್ಮ ಮೀನಿನ ಬಾಯಿ ಓರೆಯಾಗಿ ಮೇಲ್ಮುಖವಾಗಿತ್ತು. ಅಂದರೆ ಮೇಲಿನಿಂದ ನೀರಿಗೆ ಬೀಳುವ ಇರುವೆ, ನೊಣ, ಸಣ್ಣ ಹುಳುಗಳಿಗೆ ಕಾಯುವ ಮೀನು.

ಐದನೆಯದು, ಬೆನ್ನಿನ ರೆಕ್ಕೆ ಎಲ್ಲಿದೆ? ಬೆನ್ನಿನ ನಡುಮಧ್ಯದಲ್ಲಲ್ಲ, ಸ್ವಲ್ಪ ಹಿಂದೆ ಸರಿದಿದೆ. ಹೊಟ್ಟೆಯ ಹಿಂಭಾಗದ ರೆಕ್ಕೆ ಉದ್ದವಾಗಿದೆ.

ಇಷ್ಟೂ ಸೇರಿಸಿ ನೋಡಿದಾಗ ಹೆಸರು ಸಿಕ್ಕಿತು. ಡೇವೇರಿಯೊ. ಅಲಂಕಾರಿಕ ಮೀನಿನ ಅಂಗಡಿಯವರು ಮಲಬಾರ್ ಡೇನಿಯೊ, ಜಯಂಟ್ ಡೇನಿಯೊ ಎಂದು ಕರೆಯುವ ಮೀನುಗಳ ಗುಂಪು ಇದು. ಜಯಂಟ್ ಅಂದರೆ ದೈತ್ಯ! ಕೆಲವೇ ಅಂಗುಲದ ದೈತ್ಯ. ತನ್ನ ನೆಂಟರ ನಡುವೆ ದೊಡ್ಡದು ಎಂಬ ಕಾರಣಕ್ಕೆ ಆ ಹೆಸರು. ಡೇವೇರಿಯೊಗಳಲ್ಲೂ ಒಂದಕ್ಕೊಂದು ತೀರ ಹೋಲುವ ಜಾತಿಗಳಿವೆ. ಅವನ್ನು ಬೇರ್ಪಡಿಸಬೇಕಾದರೆ ತಜ್ಞರು ರೆಕ್ಕೆಯ ಕಡ್ಡಿಗಳನ್ನೂ ಮೈಯ ಹುರುಪೆಗಳನ್ನೂ ಎಣಿಸುತ್ತಾರೆ. ನಾವು ಆ ಗೋಜಿಗೆ ಹೋಗದೆ 'ಡೇವೇರಿಯೊ' ಎಂದಷ್ಟೇ ಬರೆದು ಗೆರೆ ಎಳೆದೆವು. ಗೊತ್ತಾದಷ್ಟನ್ನು ಬರೆದು ಅಲ್ಲಿಗೆ ನಿಲ್ಲಿಸುವುದೂ ಗುರುತು ಹಿಡಿಯುವ ವಿದ್ಯೆಯಲ್ಲಿ ಒಂದು ಭಾಗವೇ ಮಕ್ಕಳೇ.

ಈ ಹೆಸರುಗಳ ಹಿಂದೆ ನಮ್ಮ ಸೀಮೆಗೆ ಸೇರಿದ ಒಂದು ಕಥೆಯಿದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನೆಲ್ಲ ಸುತ್ತಿದ. ಯಾವ ಊರಲ್ಲಿ ಏನು ಬೆಳೆ, ಏನು ಕಸುಬು ಎಂದು ಬರೆದುಕೊಂಡ. ನಮ್ಮ ಇಕ್ಕೇರಿ, ನಗರಗಳನ್ನೂ ನೋಡಿಹೋದವನು ಅವನು. ಆಮೇಲೆ ಬಂಗಾಳಕ್ಕೆ ಹೋದವನು ಗಂಗೆಯ ಮೀನುಗಳನ್ನು ಅಭ್ಯಾಸ ಮಾಡಿ 1822ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಅಷ್ಟು ಹೊತ್ತಿಗೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡಿದ್ದ. 'ಡೇನಿಯೊ' ಎಂಬ ಹೆಸರು ಬಂದದ್ದು ಆ ಪುಸ್ತಕದಿಂದಲೇ. ಇಂದು ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿ ಸಾಕುವ ಜೀಬ್ರಾ ಮೀನನ್ನು ಮೊದಲು ವರ್ಣಿಸಿದ್ದೂ ಅದೇ ಪುಸ್ತಕದಲ್ಲಿ. ಜೀಬ್ರಾ ಮೀನಿನ ಮೊಟ್ಟೆ, ಮರಿ ಎಲ್ಲಾ ಗಾಜಿನಂತೆ ಪಾರದರ್ಶಕ. ಹೃದಯ ಬಡಿಯುವುದನ್ನು ಹೊರಗಿನಿಂದಲೇ ನೋಡಬಹುದು. ಆ ಹೃದಯಕ್ಕೆ ಗಾಯವಾದರೆ ಮತ್ತೆ ತಾನೇ ಬೆಳೆದು ಸರಿಹೋಗುತ್ತದೆ. ಅದಕ್ಕೇ ವಿಜ್ಞಾನಿಗಳಿಗೆ ಅದರ ಮೇಲೆ ಅಷ್ಟು ಕಣ್ಣು. ಮಲಬಾರ್ ಡೇನಿಯೊಗೆ ಹೆಸರಿಟ್ಟವನು ಇನ್ನೊಬ್ಬ ವೈದ್ಯ, ಮದರಾಸು ಸೇನೆಯ ಥಾಮಸ್ ಜೆರ್ಡನ್, 1849ರಲ್ಲಿ. ನಮ್ಮ ಹಳ್ಳಗಳ ಇನ್ನೊಂದು ಮೀನಿಗೆ ಕೆನರಾದ ಹೆಸರನ್ನೇ ಇಟ್ಟವನೂ ಅವನೇ.

"ಅಂದ್ರೆ ನಮ್ಮ ಹಳ್ಳದ ಮೀನು ಆ ಫೇಮಸ್ ಮೀನಿನ ನೆಂಟ!" ಎಂದಳು ಪುಟ್ಟಿ. "ಹಾಗಾದ್ರೆ ಇದನ್ನ ಬೆಂಗಳೂರಿಗೆ ತಗೊಂಡು ಹೋಗ್ತೀನಿ. ನನ್ನ ಗಪ್ಪಿ ತೊಟ್ಟಿಗೆ ಬಿಡ್ತೀನಿ. ಬದಲಿಗೆ ಮುಂದಿನ ಸಲ ಗಪ್ಪಿ ತಂದು ಹಳ್ಳಕ್ಕೆ ಬಿಡ್ತೀನಿ."

ಇದು ಬಹಳ ಮಕ್ಕಳಿಗೆ ಬರುವ ಯೋಚನೆ. ದಯವಿಟ್ಟು ಮಾಡಬೇಡಿ. ಗಪ್ಪಿಯ ಊರು ದಕ್ಷಿಣ ಅಮೆರಿಕ. ಸೊಳ್ಳೆ ಮರಿ ತಿನ್ನಲೆಂದು ಬಿಡುವ ಗಂಬೂಸಿಯಾದ ಊರು ಉತ್ತರ ಅಮೆರಿಕ. ಹೊರಗಿನಿಂದ ಬಂದ ಇಂಥ ಮೀನುಗಳು ಊರ ಮೀನುಗಳ ಮೊಟ್ಟೆ, ಮರಿಗಳಿಗೂ ಬಾಯಿ ಹಾಕುತ್ತವೆ. ಒಮ್ಮೆ ಬಿಟ್ಟರೆ ಮತ್ತೆ ಹಿಡಿದು ತೆಗೆಯಲಾಗದು. ತೊಟ್ಟಿಯ ಮೀನು ತೊಟ್ಟಿಯಲ್ಲಿ, ಹಳ್ಳದ ಮೀನು ಹಳ್ಳದಲ್ಲಿ. ಪುಟ್ಟಿಯ ಮುಖ ಚಿಕ್ಕದಾಯಿತು. "ಹೋಗಲಿ, ಅದರ ಮನೆ ನೋಡಿಕೊಂಡು ಬರೋಣ ಬಾ" ಎಂದೆ.

ಹಳ್ಳಕ್ಕೆ ಹೋದರೆ ನಮಗಿಂತ ಮೊದಲೇ ಅಲ್ಲಿ ಒಬ್ಬರಿದ್ದರು. ಕೆಳಗಿನ ಕೇರಿಯ ಅಜ್ಜಿ. ಹಳೆಯ ಕೂಣಿಯೊಂದನ್ನು ಕಲ್ಲಿನ ಮೇಲಿಟ್ಟು ಅದರ ಸಡಿಲಾದ ಕಡ್ಡಿಗಳನ್ನು ಬಿಗಿಯುತ್ತಿದ್ದರು. ಕೂಣಿ ಎಂದರೆ ಮೀನು ಒಳಹೋಗುವ ಆದರೆ ಹೊರಬರಲಾಗದ ಹಾಗೆ ಹೆಣೆದ ಬಿದಿರಿನ ಬುಟ್ಟಿ. ಎಪ್ಪತ್ತು ದಾಟಿದ ಅವರು ಚಿಕ್ಕಂದಿನಿಂದ ಈ ಹಳ್ಳದಲ್ಲಿ ಮೀನು ಹಿಡಿದವರು. ಪುಟ್ಟಿ ಬಾಟಲಿ ತೋರಿಸಿದಳು.

"ಓ, ಇದಾ ಮಗಾ? ಇದು ಗುಂಡಿಯ ತಲೆಯಲ್ಲಿರ್ತದೆ. ಕತ್ತಲಾದ ಗುಂಡಿ ಬೇಕು ಇದಕ್ಕೆ, ಮೇಲೆ ಮರ ಬೇಕು. ಬಾ, ತೋರಿಸ್ತೇನೆ."

ಅವರ ಹಿಂದೆ ನಾವಿಬ್ಬರೂ ಮಕ್ಕಳ ಹಾಗೆ ಹೋದೆವು. ಹಳ್ಳವೆಂದರೆ ಒಂದೇ ನೀರು ಎಂದುಕೊಂಡಿದ್ದೆ. ಅಲ್ಲ, ಅದು ಹಲವು ಕೋಣೆಗಳ ಮನೆ.

ಕಲ್ಲುಗಳ ಮೇಲೆ ನೀರು ಸದ್ದು ಮಾಡುತ್ತಾ ಬಿಳಿಯಾಗಿ ಉಕ್ಕುವ ಕಡೆ ಒಂದು ಕೋಣೆ. ಅಲ್ಲಿ ನೀರು ಗಾಳಿಯ ಜೊತೆ ಬೆರೆಯುತ್ತದೆ. ಆಮ್ಲಜನಕ ಹೇರಳ. ಅಲ್ಲಿ ಕಲ್ಲಿಗೆ ಕಚ್ಚಿಕೊಂಡಿದ್ದವು ಗಾರಾ ಎಂಬ ಮೀನುಗಳು. ಅವುಗಳ ಬಾಯಿ ಅಡಿಯಲ್ಲಿರುತ್ತದೆ, ಬಾಯಿಯ ಹಿಂದೆ ಒತ್ತಿ ಹಿಡಿಯುವ ತಟ್ಟೆಯಂಥ ಅಂಗ. ಎಂಥ ಸೆಳವಿದ್ದರೂ ಕಲ್ಲು ಬಿಡುವುದಿಲ್ಲ. ಕಲ್ಲಿನ ಪಾಚಿ ಕೆರೆದು ತಿನ್ನುತ್ತವೆ.

ಅದರ ಕೆಳಗೆ ನೀರು ಗುಂಡಿಗೆ ಇಳಿಯುವ ಬಾಯಿ. ಮೇಲೆ ಮರದ ಕೊಂಬೆ ಬಾಗಿತ್ತು. "ನೆರಳು ನೀರಿಗೆ ಬೀಳದ ಹಾಗೆ ಕೂತ್ಕೊಳ್ಳಿ" ಎಂದರು ಅಜ್ಜಿ. ಕೂತೆವು. ಮೊದಲಿಗೆ ಏನೂ ಕಾಣಲಿಲ್ಲ. ಐದು ನಿಮಿಷ ಸುಮ್ಮನಿದ್ದ ಮೇಲೆ ಒಂದೊಂದೇ ನೀಲಿ ಮಿಂಚು. ಎಲ್ಲವೂ ನೀರು ಬರುವ ದಿಕ್ಕಿಗೆ ಮುಖ ಮಾಡಿ, ಒಂದೇ ಜಾಗದಲ್ಲಿ ನಿಂತಂತೆ ಈಜುತ್ತಿದ್ದವು. ಮೇಲಿಂದ ಒಂದು ಇರುವೆ ಬಿತ್ತು. ಟಪ್! ಇರುವೆ ಇಲ್ಲ. ಊಟ ಹೊಳೆಯೇ ತಂದುಕೊಡುತ್ತದೆ. ಅವು ಬಾಗಿಲಲ್ಲಿ ಕಾದು ನಿಂತರೆ ಸಾಕು.

ಅಷ್ಟು ಮೀನು ಒಟ್ಟಿಗೆ ತಿರುಗುವಾಗ ಒಂದಕ್ಕೊಂದು ಏಕೆ ಡಿಕ್ಕಿ ಹೊಡೆಯುವುದಿಲ್ಲ? ಮೀನಿನ ಮೈಯ ಎರಡೂ ಬದಿಗೆ ಸಣ್ಣ ಸಣ್ಣ ರಂಧ್ರಗಳ ಒಂದು ಸಾಲಿದೆ. ಪಾರ್ಶ್ವರೇಖೆ ಎನ್ನುತ್ತಾರೆ. ನೀರಿನ ಸಣ್ಣ ಅಲುಗಾಟವೂ ಅದರಿಂದ ಮೀನಿಗೆ ತಿಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಪಕ್ಕದವನು ತಿರುಗಿದ್ದು ಮೈಗೆ ಗೊತ್ತಾಗುತ್ತದೆ.

ದಡದ ಹುಲ್ಲಿನ ಅಂಚಿನಲ್ಲಿ ನೀರು ನಿಂತ ಕಡೆ ಇನ್ನೊಂದು ಮೀನು. ನೀರಿನ ಮೇಲ್ಮೈಗೇ ಅಂಟಿಕೊಂಡಿತ್ತು. ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು. ಅಪ್ಲೋಕೀಲಸ್ ಎಂದು ಅದರ ಹೆಸರು. ಇದು ಗೆಂಡೆ ಕುಲದ್ದಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವುದರಲ್ಲಿ ನಿಸ್ಸೀಮ. ಅಮೆರಿಕದ ಮೀನು ತರುವ ಮೊದಲೇ ನಮ್ಮೂರಲ್ಲಿ ಸೊಳ್ಳೆ ತಿನ್ನುವವರು ಇದ್ದರು ನೋಡಿ.

ಪುಟ್ಟಿ ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿ ಮಾಡಿದ ಕೊಳವೆಯಂಥ ಗೂಡು. ಒಳಗೊಂದು ಹುಳು. ರೆಕ್ಕೆ ಬಂದ ಮೇಲೆ ಹಾರಿಹೋಗುವ ಒಂದು ಕೀಟದ ಮರಿ ಅದು. ನೀರು ಶುದ್ಧವಾಗಿದ್ದರೆ ಇಂಥವು ಹೆಚ್ಚು ಇರುತ್ತವೆ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೆಯೇ ಇಟ್ಟೆವು. ಅದು ಯಾರದೋ ಮನೆಯ ಸೂರು.

ಮೊದಲ ಮಳೆಯಲ್ಲಿ ಹಳ್ಳದ ಮೀನುಗಳು ಹೊಸ ನೀರಿಗೆ ಎದುರಾಗಿ ಗದ್ದೆಗೆ ಹತ್ತುವುದನ್ನು ಆ ಅಜ್ಜಿ ವರ್ಣಿಸಿದರು. ಹತ್ತುಮೀನು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಮೊಟ್ಟೆಯಿಡಲು ಹೋಗುವ ಪ್ರಯಾಣ ಅದು. "ಮೊದಲಿನಷ್ಟು ಹತ್ತುವುದಿಲ್ಲ ಈಗ" ಎಂದರು.

ಬಾಟಲಿಯ ಮೀನನ್ನು ಗುಂಡಿಗೆ ಬಿಡುವ ಹೊತ್ತಾಯಿತು. ಪುಟ್ಟಿ ಬಾಟಲಿಯನ್ನು ನೀರಲ್ಲಿ ಮುಳುಗಿಸಿ ನಿಧಾನವಾಗಿ ಓರೆ ಮಾಡಿದಳು. ಮೀನು ಒಂದು ಕ್ಷಣ ನಿಂತು, ಸರ್ರನೆ ತನ್ನ ಗುಂಪಿಗೆ ಸೇರಿತು. ಯಾವುದು ನಮ್ಮ ಮೀನು ಎಂದು ಆಮೇಲೆ ಹೇಳಲಾಗಲಿಲ್ಲ. ಬೆಂಗಳೂರಿನ ಮಾತು ಅವಳು ಮತ್ತೆ ಎತ್ತಲಿಲ್ಲ.

ಅವಳಿಗೆ ಎಣಿಸುವ ಹುಚ್ಚು ಹಿಡಿಯಿತು. ಮೇಲಿನ ಗುಂಡಿಯಲ್ಲಿ ಎಣಿಸಿದಾಗ ನಲವತ್ತಮೂರು ಡೇವೇರಿಯೊ. ಹಳ್ಳದ ಗುಂಟ ಕೆಳಗೆ ಬಂದೆವು. ನಮ್ಮ ತೋಟದ ಚಪ್ಪಟೆ ಬಂಡೆಯ ಹತ್ತಿರ ಬಂದಾಗ ಅವಳು ನಿಂತಳು. ಬಹಳ ಹೊತ್ತು ನೋಡಿದಳು. ಬರೆದಳು: ಸೊನ್ನೆ. ಇನ್ನೂ ಇಪ್ಪತ್ತು ಹೆಜ್ಜೆ ಕೆಳಗೆ, ಸೊನ್ನೆ. ಕಲ್ಲು ಮಗುಚಿದರೆ ಹುಳುವಿನ ಮರಳಿನ ಗೂಡೂ ಇಲ್ಲ. ಇನ್ನಷ್ಟು ಕೆಳಗೆ, ಬೇರೊಂದು ಹಳ್ಳ ಬಂದು ಸೇರುವಲ್ಲಿ ಮತ್ತೆ ಮೀನು.

"ಅಜ್ಜ, ಈ ಬಂಡೆ ಯಾಕೆ ನೀಲಿ?"

ಮಕ್ಕಳೇ, ನನ್ನ ಬಾಯಿ ಕಟ್ಟಿಹೋಯಿತು.

ಮಲೆನಾಡಿನ ಓದುಗರಿಗೆ ಗೊತ್ತಿದೆ. ಅಡಿಕೆಗೆ ಕೊಳೆರೋಗ ಬರದಂತೆ ಮಳೆಗಾಲದ ಮುಂಚೆಯೂ ನಡುವೆಯೂ ಮದ್ದು ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಯ ರೋಗಕ್ಕೆಂದು ಹುಟ್ಟಿದ ಮದ್ದು ಅದು. ಸುಮಾರು 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅದನ್ನು ಅಡಿಕೆಗೆ ತಂದರು. ಅದಿಲ್ಲದೆ ಹೋಗಿದ್ದರೆ ಎಷ್ಟೋ ತೋಟಗಳು ಉಳಿಯುತ್ತಿರಲಿಲ್ಲ. ನನ್ನ ಓದು, ನನ್ನ ಮಕ್ಕಳ ಓದು ಎಲ್ಲಾ ಆ ಅಡಿಕೆಯ ದುಡ್ಡಿನದೇ. ಮದ್ದಿನ ಮೇಲೆ ನನಗೆ ದೂರಿಲ್ಲ.

ಆದರೆ ಮದ್ದು ಹೊಡೆದ ಸಂಜೆ ಡ್ರಮ್ಮು, ಪೈಪು, ಬಕೆಟ್ಟು ಎಲ್ಲವನ್ನೂ ಆ ಬಂಡೆಯ ಮೇಲಿಟ್ಟು ಹಳ್ಳದಲ್ಲೇ ತೊಳೆಯುತ್ತಿದ್ದೆವು. ಉಳಿದ ದ್ರಾವಣವನ್ನೂ ಅಲ್ಲೇ ಚೆಲ್ಲುತ್ತಿದ್ದೆವು. ತೊಳೆಯಲು ಅನುಕೂಲವಾಗಲಿ ಎಂದು ಅಲ್ಲಿದ್ದ ಕೇದಿಗೆ ಪೊದೆಯನ್ನು ಕಡಿಸಿದವನೂ ನಾನೇ. ಮೂವತ್ತು ವರ್ಷ. ಹಾಗೆ ಮಾಡಿದ ಮಾರನೆಯ ದಿನ ಶಾಲೆಗೆ ಹೋಗಿ ಮಕ್ಕಳಿಗೆ ಪರಿಸರದ ಪಾಠ ಹೇಳುತ್ತಿದ್ದೆ.

ಮೈಲುತುತ್ತಿನಲ್ಲಿರುವುದು ತಾಮ್ರ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ತಳದ ಕೆಸರಿನಲ್ಲಿ ಸೇರಿಕೊಂಡು ಕೂರುತ್ತದೆ. ಮೀನು ಕಿವಿರಿನಿಂದ ಉಸಿರಾಡುವಾಗ ತಾಮ್ರ ಆ ಕಿವಿರನ್ನೇ ಕೆಡಿಸುತ್ತದೆ. ಮೈಯ ಉಪ್ಪಿನ ಅಳತೆ ತಪ್ಪುತ್ತದೆ. ವಾಸನೆ ಹಿಡಿಯುವ ಶಕ್ತಿಗೂ, ಆಗಲೇ ಹೇಳಿದ ಪಾರ್ಶ್ವರೇಖೆಗೂ ಅದು ಪೆಟ್ಟು. ಸುಣ್ಣದ ಅಂಶ ಕಡಿಮೆ ಇರುವ ಮೆದುನೀರಿನಲ್ಲಿ ತಾಮ್ರದ ವಿಷ ಇನ್ನೂ ಚುರುಕು. ನಮ್ಮ ಮಲೆನಾಡಿನ ಹಳ್ಳಗಳ ನೀರು ಮೆದುನೀರೇ. ಹುಳುಗಳೂ ಸಾಯುತ್ತವೆ. ಊಟವಿಲ್ಲ, ನೆರಳಿಲ್ಲ, ನೀರಲ್ಲಿ ವಿಷ. ಯಾವ ಮೀನು ಅಲ್ಲಿ ಬಾಳುವೆ ಮಾಡೀತು?

ನಾನು ಆ ಅಜ್ಜಿಯ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು ಮೇಷ್ಟ್ರೇ? ಈ ಬಂಡೆ ಹತ್ರ ನಾನು ಕೂಣಿ ಇಡೋದು ಬಿಟ್ಟು ಯಾವ ಕಾಲ ಆಯ್ತು."

"ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ಲ" ಎಂದರು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಷ್ಟು ವರ್ಷ ಅವರ ಊಟದ ಒಂದು ಭಾಗವನ್ನು ನಾನು ತೊಳೆದುಹಾಕಿದ್ದೆ. ಕೈ ಮುಗಿದು, "ತಪ್ಪಾಯಿತು" ಎಂದೆ. ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ಅಜ್ಜಂದಿರೂ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದು ಅವಳಿಗೆ ತಿಳಿದದ್ದು ಒಳ್ಳೆಯದೇ ಆಯಿತು.

ಈ ವರ್ಷ ಮದ್ದು ಹೊಡೆಯುವ ಮೊದಲೇ ಕೆಲಸದವರ ಜೊತೆ ಕೂತು ಮಾತಾಡಿದೆ. "ಹಳ್ಳದಲ್ಲಾದ್ರೆ ಬೇಗ ಆಗ್ತದೆ" ಎಂದು ಅವರು ಗೊಣಗಿದ್ದು ನಿಜ. ತೊಳೆಯುವ ಕೆಲಸಕ್ಕೆ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಆ ಗಂಟೆಯ ಕೂಲಿಯನ್ನೂ ಕೊಡುತ್ತೇನೆ ಎಂದೆ. ಮರ ಎಣಿಸಿ ಬೇಕಾದಷ್ಟೇ ದ್ರಾವಣ ಮಾಡಿದೆವು. ಡ್ರಮ್ ತೊಳೆದ ಮೊದಲ ನೀರನ್ನು ಮತ್ತೆ ಪಂಪಿಗೇ ಹಾಕಿ ಕೊನೆಯ ಸಾಲಿನ ಮರಗಳಿಗೆ ಹೊಡೆದೆವು. ಉಳಿದ ತೊಳೆನೀರು ಹಳ್ಳದಿಂದ ದೂರ, ತೋಟದ ಮೇಲಿನ ಅಂಚಿನಲ್ಲೇ ಇಂಗಿತು. ಕಡಿದ ಕೇದಿಗೆ ಬುಡದಿಂದ ಚಿಗುರಿತ್ತು. ಅದನ್ನು ಮುಟ್ಟಬೇಡಿ ಎಂದು ಹೇಳಿದೆ.

ಈ ದಸರೆಗೆ ಪುಟ್ಟಿ ಮತ್ತೆ ಬಂದಳು. ಬಂದವಳೇ ನೋಟ್‌ಬುಕ್ ಹಿಡಿದು ಹಳ್ಳಕ್ಕೆ. ಕೆಳಗಿನ ಕೇರಿಯ ಅಜ್ಜಿಯನ್ನೂ ಕರೆದೆವು. ಬಂಡೆಯ ಮೇಲೆ ಕೂತೆವು. ಐದು ನಿಮಿಷ. ಹತ್ತು ನಿಮಿಷ. ನಾನು ನಿರಾಸೆಯಿಂದ ಏಳುವವನಿದ್ದೆ. ಆ ಅಜ್ಜಿ ನನ್ನ ತೋಳು ಹಿಡಿದು ಕೂರಿಸಿದರು. ಕೇದಿಗೆಯ ಹೊಸ ಎಲೆಯ ನೆರಳಲ್ಲಿ ಒಂದು ನೀಲಿ ಮಿಂಚು ಕಂಡಿತು.

ಪುಟ್ಟಿ ಬರೆದಳು: ಏಳು.

ಏಳು ಮೀನಿನಿಂದ ಹಳ್ಳ ಸರಿಹೋಯಿತು ಎನ್ನಲಾಗದು. ಒಂದು ವರ್ಷದ ಎಣಿಕೆ ಎಣಿಕೆಯೇ ಅಲ್ಲ. ಮೂವತ್ತು ವರ್ಷದ ತಾಮ್ರ ಕೆಸರಿನಲ್ಲಿ ಇನ್ನೂ ಇದೆ. ಬಂಡೆಯ ನೀಲಿಯೂ ಹೋಗಿಲ್ಲ. ಕಲ್ಲಿನಡಿ ಹುಳುವಿನ ಗೂಡು ಈ ವರ್ಷವೂ ಸಿಗಲಿಲ್ಲ. ಮುಂದಿನ ದಸರೆಗೂ ಎಣಿಸುತ್ತೇವೆ, ಅದರ ಮುಂದಿನದಕ್ಕೂ. ಲೆಕ್ಕದ ಪುಸ್ತಕ ಪುಟ್ಟಿಯ ಹತ್ತಿರವಿದೆ. ಅವಳು ಬಿಡುವವಳಲ್ಲ.

ಈಗ ನಿಮ್ಮ ಸರದಿ ಮಕ್ಕಳೇ. ಈ ರಜೆಯಲ್ಲಿ ಹತ್ತಿರದ ಹಳ್ಳ, ತೊರೆ, ಕಾಲುವೆ ಯಾವುದಾದರೊಂದಕ್ಕೆ ಹೋಗಿ. ಒಬ್ಬರೇ ಹೋಗಬಾರದು, ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡೇ ಹೋಗಬೇಕು. ಮಳೆ ಬಂದು ನೀರು ಕೆಂಪಾಗಿದ್ದರೆ ಅವತ್ತು ಹೋಗಬೇಡಿ. ದಡದಲ್ಲಿ ಕೂತು ನೋಡಿದರೆ ಸಾಕು, ಹಿಡಿಯಲೇಬೇಕೆಂದಿಲ್ಲ. ಒಂದು ಮೀನು ಆರಿಸಿಕೊಂಡು ಐದು ಪ್ರಶ್ನೆಗೆ ಉತ್ತರ ಬರೆಯಿರಿ: ಗೆರೆಯೋ ಚುಕ್ಕೆಯೋ, ಎಷ್ಟು? ಬೆನ್ನಿನ ರೆಕ್ಕೆ ಎಲ್ಲಿ? ಬಾಯಿ ಎತ್ತ? ಮೇಲುನೀರೋ, ನಡುನೀರೋ, ತಳವೋ? ಒಂಟಿಯೋ ಗುಂಪೋ? ಹೆಸರು ಸಿಗದಿದ್ದರೂ ಪರವಾಗಿಲ್ಲ. ಒಂದು ಚಿತ್ರ ಬರೆದಿಡಿ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮ್ಮ ಊರ ಹಳ್ಳದಲ್ಲಿ ಹಿಂದೆ ಯಾವ ಮೀನಿತ್ತು, ಅದಕ್ಕೆ ನಿಮ್ಮಲ್ಲಿ ಏನು ಹೆಸರಿತ್ತು ಎಂದು ಮೊಮ್ಮಕ್ಕಳಿಗೆ ಹೇಳಿ ಬರೆಸಿ. ಹಳ್ಳದ ಹತ್ತಿರ ಬಾಳಿದವರನ್ನು ಕೇಳಿ. ನಾನು ಕೇಳಿದ್ದು ಮೂವತ್ತು ವರ್ಷ ತಡವಾಗಿ.

ಮುಂದಿನ ವಾರ ಸಿಗೋಣ.